ಕಡತದಲ್ಲಿಲ್ಲದ ಮಾತು

ಬೇಸಿಗೆ ಮುಗಿಯುತ್ತಿದ್ದ ಕಾಲ, ಬುಧವಾರ ಬೆಳಗಿನ ಎಂಟೂವರೆ. ಎರಡನೆಯ ಮಹಡಿಯ ಮನೆಯಿಂದ ಪೆನ್ಸಿಲ್ ಮೇಷ್ಟ್ರ ದೇಹವನ್ನು ಕೆಳಗಿಳಿಸುತ್ತಿದ್ದರು. ಮೆಟ್ಟಿಲು ತಿರುಗುವ ಕಡೆ ಸ್ಟ್ರೆಚರು ಗೋಡೆಗೆ ತಗುಲಿ ನಿಂತುಬಿಟ್ಟಿತು.

"ತಲೆ ಕಡೆ ಎತ್ತಿ, ತಲೆ ಕಡೆ! ಅಯ್ಯೋ, ನನ್ನ ಕಾಲು!"

"ನಿಧಾನ ಕಣಪ್ಪ. ಅವರಿಗೇನು ಈಗ ಆಫೀಸಿಗೆ ಹೊತ್ತಾಗಲ್ಲ."

ಕಾಲಿನ ಕಡೆ ಹಿಡಿದಿದ್ದವನು ಒಬ್ಬ ಮುದುಕ. ಅವನು ಶಾಸನಸಭೆಯ ಬಾಗಿಲಲ್ಲಿ ಮೂವತ್ತೆರಡು ವರ್ಷ ನಿಂತು ನಿವೃತ್ತನಾದ ಜವಾನ. ಸತ್ತವರು ಅದೇ ಸಭೆಯ ನಡುವಿನ ಮೇಜಿಗೆ ಕೂತು, ಶಾಸಕರು ಆಡಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದವರು. ಮೇಷ್ಟ್ರು ಅಂತ ಹೆಸರೇ ಹೊರತು ಒಂದು ದಿನವೂ ಯಾರಿಗೂ ಪಾಠ ಹೇಳಿದವರಲ್ಲ. ಸದಾ ಕಿವಿಯ ಮೇಲೊಂದು ಪೆನ್ಸಿಲ್ ಇರುತ್ತಿತ್ತು, ಅಷ್ಟಕ್ಕೆ ಬಂದ ಹೆಸರು.

ಕೆಳಗೆ ವ್ಯಾನಿನ ಹತ್ತಿರ ಮೇಷ್ಟ್ರ ಹೆಂಡತಿ ಜವಾನನನ್ನು ಪಕ್ಕಕ್ಕೆ ಕರೆದರು.

"ಅಣ್ಣಾ, ಕೊನೇ ವಾರವೆಲ್ಲ ನಿನ್ನನ್ನೇ ಕೇಳ್ತಿದ್ರು. ಬಂದಿದ್ದೆಯಲ್ಲ, ಏನಂದ್ರು?"

"ಏನಿಲ್ಲಮ್ಮ. ಹಳೇ ಮಾತು."

ಮೇಷ್ಟ್ರು ಆಸ್ಪತ್ರೆಯಲ್ಲಿ ಅವನ ಮುಂಗೈ ಬಿಗಿಯಾಗಿ ಹಿಡಿದು ಕೇಳಿದ್ದರು: "ಅವರು ಹಾಗೆ ಅಂದಿದ್ದು ನಿಜಾನೋ, ನಾನೇ ಕಲ್ಪಿಸ್ಕೊಂಡೆನೋ? ನೀನು ಬಾಗಿಲಲ್ಲೇ ನಿಂತಿದ್ದೆಯಲ್ಲೋ." ಅವನು "ನೆನಪಿಲ್ಲ ಸಾರ್" ಅಂದಿದ್ದ. ಹದಿನೆಂಟು ವರ್ಷದಿಂದ ಅದೇ ಪ್ರಶ್ನೆ, ಅದೇ ಉತ್ತರ. ಮೇಷ್ಟ್ರು ಹೋದರು ಅಂತ ಸುದ್ದಿ ಬಂದಾಗಿನಿಂದ ಆ ದನಿ ಅವನ ಬೆನ್ನು ಬಿಟ್ಟಿರಲಿಲ್ಲ. ನಲ್ಲಿ ತಿರುಗಿಸಿದರೆ ನೀರಿನ ಸದ್ದಿನೊಳಗೆ, ಚಪ್ಪಲಿ ಮೆಟ್ಟಲು ಬಗ್ಗಿದರೆ ಕಿವಿಯ ಹಿಂದೆ. ನಿಜಾನೋ?

* * *

ಹದಿನೆಂಟು ವರ್ಷದ ಹಿಂದೆ, ಅವತ್ತು ಸದನದಲ್ಲಿ ವ್ಯಾಪಾರ ಬಿದ್ದುಹೋದ ಬೀದಿಗಳಿಗೆ ಸರ್ಕಾರದ ಹಣ ಕೊಡುವ ಚರ್ಚೆ. ಚುನಾವಣೆಗೆ ಎರಡೇ ತಿಂಗಳು. ಶಾಸಕರೊಬ್ಬರು ಚೆನ್ನಾಗಿಯೇ ಮಾತಾಡಿದರು. ಜನರ ಕೈಯಲ್ಲಿ ಕಾಸು ಓಡಾಡದೆ ಅಂಗಡಿಯ ಬಾಗಿಲು ತೆರೆಯುವುದಿಲ್ಲ ಅಂದರು. ಎದುರಿನ ಸಾಲಿನಿಂದ ಯಾರೋ ಕೆಣಕಿದರು, "ಮೊದಲು ಯಾವ ಬೀದಿಗೆ?" ಗಲಾಟೆ ಎದ್ದಿತು. ಮೈಕು ನಿಂತಿತು. ಶಾಸಕರು ಕೂರುತ್ತ ಕೂರುತ್ತ ಸಿಡುಕಿದರು:

"ನಮಗೆ ಓಟು ಹಾಕೋ ಬೀದಿಗೆ ಮೊದಲು. ಮಿಕ್ಕವರು ಬಾಗಿಲು ಹಾಕ್ಕೊಂಡು ಒಣಗಲಿ!"

ಆ ಗದ್ದಲದಲ್ಲಿ ಅದು ಕೇಳಿಸಿದ್ದು ಮೂರೇ ಜನಕ್ಕೆ. ಮೇಜಿಗೆ ಕೂತ ಮೇಷ್ಟ್ರು, ಪಕ್ಕದ ಬಾಗಿಲ ಜವಾನ, ಮತ್ತು ನೆತ್ತಿಯ ಮೇಲಿನ ಗ್ಯಾಲರಿಯಲ್ಲಿ ಬಗ್ಗಿ ನೋಡುತ್ತಿದ್ದ ಪೇಪರಿನವರೊಬ್ಬರು. ಅವರದು ನಾಲ್ಕೇ ಪುಟದ ಸ್ವಂತ ಪತ್ರಿಕೆ.

ಟೈಪಾದ ಭಾಷಣದ ಪ್ರತಿಯನ್ನು ಸಂಜೆ ಶಾಸಕರ ಕೋಣೆಗೆ ಕಳಿಸುವುದು ರೂಢಿ. ಕಾಗುಣಿತ ತಿದ್ದಬಹುದು, ಆಡಿದ ಮಾತು ತಿದ್ದುವಂತಿಲ್ಲ. ಒಯ್ದವನೂ ಜವಾನ, ತಂದವನೂ ಜವಾನ. ತರುವಾಗ ಆ ಸಿಡುಕಿನ ಸಾಲಿನ ಮೇಲೆ ಶಾಸಕರ ಹಸಿರು ಪೆನ್ನಿನ ಗೆರೆ ಬಿದ್ದಿತ್ತು.

ಮೇಷ್ಟ್ರು ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಅವರಿಗೆ ಸರ್ಕಾರಿ ಮನೆ ಮಂಜೂರು ಮಾಡಬೇಕಾಗಿದ್ದ ಸಮಿತಿಗೆ ಆ ಶಾಸಕರೇ ಅಧ್ಯಕ್ಷರು.

"ಗಲಾಟೇಲಿ ನನಗೆ ತಪ್ಪು ಕೇಳಿಸಿರಬಹುದು. ಅಲ್ವೇನೋ?"

"ಇರಬಹುದು ಸಾರ್," ಅಂದ ಜವಾನ. ಮನೆಗೆ ಹೊರಡುವ ಹೊತ್ತು, ಬೇಗ ಮುಗಿದರೆ ಸಾಕಾಗಿತ್ತು ಅವನಿಗೆ.

ಮೇಷ್ಟ್ರು ನೋಟ್‌ಬುಕ್ಕಿನ ಹಾಳೆ ಹರಿದರು. ಪುಟ ಹೊಸದಾಗಿ ಟೈಪಾಯಿತು. ಮರುದಿನ ಬೆಳಗ್ಗೆ ಆ ಮಾತು ಪತ್ರಿಕೆಯಲ್ಲಿ ಬಂತು. ಸದನದ ಕಡತ ತೆಗೆದು ನೋಡಿದರೆ ಇಲ್ಲ! ಸದನದ ಮೇಲೆ ಸುಳ್ಳು ಹೊರಿಸಿದರು ಅಂತ ಪೇಪರಿನವರಿಗೆ ಹದಿನೈದು ದಿನ ಜೈಲಾಯಿತು, ಪತ್ರಿಕೆಗೆ ಬೀಗ ಬಿತ್ತು. ಆಮೇಲೆ ಅವರು ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟರು.

* * *

ಚಿತಾಗಾರದ ಮೊಗಸಾಲೆಯಲ್ಲಿ ಇಪ್ಪತ್ತು ಜನವಿದ್ದರೆ ಹೆಚ್ಚು. ಆ ಶಾಸಕರೂ ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು, ದನಿ ಮಾತ್ರ ಹಾಗೇ. ಜವಾನನ ಹೆಗಲ ಮೇಲೆ ಕೈಯಿಟ್ಟರು.

"ನಿನ್ನ ಮಗಳು ನಮ್ಮ ಆಫೀಸಲ್ಲಿ ಚೆನ್ನಾಗಿ ಕೆಲಸ ಮಾಡ್ತಾಳಪ್ಪ. ಕಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲೇ ಇದೆ. ಈ ವಾರ ಸಹಿ ಹಾಕ್ತೀನಿ."

"ದೊಡ್ಡ ಉಪಕಾರ ಸಾಹೇಬರೆ." ಮೂರು ವರ್ಷದಿಂದ ಅಪ್ಪ ಮಗಳು ಕಾದಿದ್ದು ಅದೊಂದು ಸಹಿಗೆ.

ಮೇಷ್ಟ್ರನ್ನು ಒಳಗೆ ಕಳಿಸಿ ಕಬ್ಬಿಣದ ಬಾಗಿಲು ಮುಚ್ಚಿದರು. ಯಾರೋ "ಎರಡು ಮಾತು" ಅಂದರು. ಶಾಸಕರು ಗಂಟಲು ಸರಿಮಾಡಿಕೊಂಡರು.

"ಪತ್ರಿಕೆಗಳ ಬಾಯಿ ಕಟ್ಟಬಾರದು ಅಂದೋನು ನಾನು. ಚುನಾವಣೆ ಶುದ್ಧವಾಗಿರಬೇಕು ಅಂದೋನೂ ನಾನು. ಬಿದ್ದ ವ್ಯಾಪಾರವನ್ನ ಸರ್ಕಾರ ಎತ್ತಿ ನಿಲ್ಲಿಸಬೇಕು ಅಂತ ಮೊದಲು ಕೂಗಿದೋನೂ ನಾನೇ. ಅದೆಲ್ಲ ಇವತ್ತು ಕಡತದಲ್ಲಿ ಉಳಿದಿದ್ರೆ ಈ ಪುಣ್ಯಾತ್ಮನಿಂದ. ಒಂದಕ್ಷರ ಬಿಟ್ಟವರಲ್ಲ."

"ಅಕ್ಷರ ಬಿಡಲಿಲ್ಲ, ಸಾಲು ಬಿಟ್ರು," ಅಂತ ಹಿಂದಿನಿಂದ ಕೇಳಿಸಿತು. ಕಂಬಕ್ಕೆ ಒರಗಿ ಪೇಪರಿನವರು ನಿಂತಿದ್ದರು.

"ಇನ್ನೂ ಅದೇ ರಾಗ ಏನ್ರೀ?" ಶಾಸಕರು ನಕ್ಕರು. "ಸಾವಿನ ಮನೇಲೂ ಬಿಡಲ್ವಲ್ಲ. ಕಡತ ಇದೆ, ಹೋಗಿ ಓದ್ಕೊಳ್ಳಿ."

"ನಾನು ಜಗಳಕ್ಕೆ ಬಂದಿಲ್ಲ. ಮೇಷ್ಟ್ರು ಯಾವತ್ತಾದ್ರೂ ನಿಜ ಹೇಳ್ತಾರೆ ಅಂತ ಕಾಯ್ತಿದ್ದೆ. ಇನ್ನು ಯಾರನ್ನ ಕಾಯಲಿ? ನನ್ನ ಹೆಂಡತಿ ಕೊನೇವರೆಗೂ ನನ್ನ ಮಾತು ನಂಬದೇ ಹೋದಳು."

ಒಳಗೆ ಬೆಂಕಿ ಗುಂಯ್ ಅನ್ನುತ್ತಿತ್ತು. ಆ ಸದ್ದಿನೊಳಗಿಂದ ಜವಾನನಿಗೆ ಸ್ಪಷ್ಟವಾಗಿ ಕೇಳಿಸಿತು: ನಿಜಾನೋ?

"ನಿಜ ಸಾರ್," ಅಂದ ಜವಾನ.

ಎಲ್ಲರೂ ತಿರುಗಿದರು. ಅವನು ಮಾತಾಡುತ್ತಿದ್ದುದು ಕಬ್ಬಿಣದ ಬಾಗಿಲಿನ ಜೊತೆ.

"ಏನಪ್ಪ ನಿಜ?" ಶಾಸಕರು ಕೇಳಿದರು.

ಆಗ ಅವನು ಆ ಮಾತನ್ನು ಅಂದ. ಓಟು ಹಾಕೋ ಬೀದಿ, ಒಣಗಲಿ ಅನ್ನುವುದು, ಎಲ್ಲವನ್ನೂ ಶಾಸಕರದೇ ಸಿಡುಕಿನಲ್ಲಿ, ಅವರದೇ ಏರಿಳಿತದಲ್ಲಿ. ಹದಿನೆಂಟು ವರ್ಷ ಕಿವಿಯೊಳಗೆ ಇಟ್ಟುಕೊಂಡಿದ್ದದ್ದು ಒಂದು ಚೂರೂ ಸವೆದಿರಲಿಲ್ಲ.

ಮೇಷ್ಟ್ರ ಹೆಂಡತಿ ಬೆಂಚಿನ ಅಂಚು ಹಿಡಿದು ಕೂತರು. "ಹಾಗಾದ್ರೆ ನಮ್ಮನೆಯವರು..."

"ಹೊಡೆದುಹಾಕಿದ್ದು ಹಸಿರು ಪೆನ್ನು ಅಮ್ಮ. ಹಾಳೆ ಹರಿದಿದ್ದು ಮೇಷ್ಟ್ರು. ಹೊತ್ಕೊಂಡು ಓಡಾಡಿದ್ದು ನಾನು. ಅವರು ಕೇಳ್ತಾನೇ ಇದ್ರು. ನಾನೇ ಒಂದು ಸಲಾನೂ ಹೂಂ ಅನ್ನಲಿಲ್ಲ."

"ಬಿಸಿಲಿಗೆ ತಲೆ ತಿರುಗಿದೆ ನಿನಗೆ. ವಯಸ್ಸಾಯ್ತು ನೋಡು," ಅಂದರು ಶಾಸಕರು. ಈಗ ನಗು ಇರಲಿಲ್ಲ.

"ತಲೆ ತಿರುಗಿರಬಹುದು ಸಾಹೇಬರೆ. ಕಿವಿ ನೆಟ್ಟಗಿದೆ."

ಪೇಪರಿನವರು ಜೇಬು ತಡಕಿ ಒಂದು ರಸೀದಿ ತೆಗೆದರು, ಖಾಲಿ ಬದಿ ಮೇಲೆ ಮಾಡಿ ಕಂಬಕ್ಕೆ ಒತ್ತಿ ಹಿಡಿದರು. ಪೆನ್ನಿನ ಮುಚ್ಚಳ ಬಿಚ್ಚಿದರು.

"ಇನ್ನೊಂದ್ಸಲ ಹೇಳಿ. ನಿಧಾನವಾಗಿ."

ಜವಾನ ಒಂದೊಂದೇ ಪದ ಹೇಳಿದ. ಅವರು ಬರೆದುಕೊಂಡರು.

"ಯಾರು ಹೇಳಿದ್ದು ಅಂತ ಹಾಕಲಿ?"

"ಬಾಗಿಲ ಹತ್ರ ನಿಂತಿದ್ದೋನು ಅಂತ ಹಾಕಿ."

ಶಾಸಕರ ಕಾರು ಆಗಲೇ ಗೇಟು ದಾಟಿತ್ತು.

* * *

ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೇ ಮಗಳು ಆಫೀಸಿನಿಂದ ಮನೆಗೆ ಬಂದಳು. ಜವಾನ ಹೊಸ್ತಿಲಲ್ಲಿ ಕೂತಿದ್ದ.

"ಏನಂದ್ರಮ್ಮ?"

"ಅವರೇನೂ ಅನ್ನಲಿಲ್ಲ. ಗುಮಾಸ್ತರ ಕೈಲಿ ಹೇಳಿಸಿದ್ರು, ಇವತ್ತಿಂದ್ಲೇ ಬರೋದು ಬೇಡ ಅಂತ."

ಅವಳು ಅವನನ್ನು ದಾಟಿ ಒಳಗೆ ಹೋದಳು. ಬೆಳಗ್ಗೆ ಕಟ್ಟಿಕೊಂಡು ಹೋಗಿದ್ದ ಊಟದ ಡಬ್ಬಿ ತುಂಬಿದ ಹಾಗೇ ಇತ್ತು. ಮುಚ್ಚಳ ತೆಗೆದು ನೆಲದ ಮೇಲಿಟ್ಟಳು, ಪಕ್ಕದಲ್ಲಿ ಎರಡು ತಟ್ಟೆ.