ಪುಟ್ಟಿಯ ಮೊಣಕಾಲಿನ ಹಳದಿ ಗಂಟು

ಮೇಸ್ತ್ರಿಯ ಮನೆಯವರಿಗೆ ನೆಲಕ್ಕೆ ಟೈಲ್ಸ್ ಕೂರಿಸುವುದೇ ಕಸುಬು. ದಿನವಿಡೀ ಮೊಣಕಾಲೂರಿ ಕೆಲಸ ಮಾಡಿ ಮೇಸ್ತ್ರಿಗೂ ಅವನ ತಮ್ಮನಿಗೂ ಮೊಣಕಾಲು ಜಡ್ಡುಗಟ್ಟಿತ್ತು. ಹಾಗಾಗಿ ಐದು ವರ್ಷದ ಮಗಳ ಮೊಣಕಾಲು, ಮೊಣಕೈಗಳಲ್ಲಿ ಗಂಟುಗಳೆದ್ದಾಗ ಮೇಸ್ತ್ರಿ ಬೀದಿಗೆಲ್ಲ ತೋರಿಸಿಕೊಂಡು ಬಂದ.

"ನೋಡ್ರೀ ನಮ್ಮ ಪುಟ್ಟೀನ! ಕರಣೆ ಹಿಡಿಯೋ ಮೊದಲೇ ಜಡ್ಡು ಬಂದಿದೆ. ನನ್ನನ್ನೂ ಮೀರಿಸ್ತಾಳೆ!"

ಪಕ್ಕದ ಮನೆಯ ನರ್ಸಕ್ಕ ಮಾತ್ರ ನಗಲಿಲ್ಲ. ಪುಟ್ಟಿಯನ್ನು ಬೆಳಕಿಗೆ ನಿಲ್ಲಿಸಿ ನೋಡಿದಳು.

"ಇದು ಜಡ್ಡಲ್ಲ ಮೇಸ್ತ್ರಿ. ಹಳದಿಯಾಗಿದೆ ನೋಡು, ಕೊಬ್ಬು. ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸು."

"ಅಯ್ಯೋ, ಅದು ಹೊಟ್ಟೆ ಬಂದ ಯಜಮಾನ್ರ ಕಾಯಿಲೆ ಕಣಕ್ಕ! ಕಡ್ಡಿ ಹಾಗಿರೋ ಮಗೂಗೆ ಎಲ್ಲಿಂದ ಬರುತ್ತೆ?"

"ಅಪ್ಪ ಅಮ್ಮನಿಂದ. ಇಬ್ಬರಿಂದಲೂ ಬಂದ್ರೆ ಮಕ್ಕಳ ಹೃದಯಕ್ಕೇ ಕುತ್ತು. ನಿಮ್ಮಪ್ಪ ಸಣ್ಣ ವಯಸ್ಸಲ್ಲೇ ಎದೆ ಹಿಡ್ಕೊಂಡು ಹೋದ್ರಲ್ಲ, ಮರೆತ್ಯಾ?"

ಮೇಸ್ತ್ರಿ ಮರುದಿನವೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದ.

ನರ್ಸಕ್ಕನ ಅನುಮಾನ ನಿಜವಾಯಿತು. ಪಥ್ಯ, ಔಷಧ ಎಲ್ಲ ನಡೆದರೂ ಕೊಲೆಸ್ಟ್ರಾಲ್ ಸಾಕಷ್ಟು ಇಳಿಯಲಿಲ್ಲ.

"ರಕ್ತದಿಂದ ಕೊಲೆಸ್ಟ್ರಾಲ್ ತೆಗೆಯೋದು ಲಿವರ್ ಕೆಲಸ. ಇವಳ ಲಿವರ್‌ಗೆ ಅದು ಆಗ್ತಿಲ್ಲ. ಸರಿಯಾದ ಲಿವರ್‌ನ ಭಾಗ ಕಸಿ ಮಾಡಬೇಕು," ಎಂದರು ಡಾಕ್ಟರು.

"ನಂದೇ ತಗೊಳ್ಳಿ!" ಎಂದು ಮೇಸ್ತ್ರಿ ಅಂಗಿ ಎತ್ತಿಯೇ ಬಿಟ್ಟ. ಆದರೆ ಅದೇ ದೋಷ ಅವನಲ್ಲೂ ಇತ್ತು, ಹೆಂಡತಿಯಲ್ಲೂ ಇತ್ತು, ತಮ್ಮನಲ್ಲೂ ಇತ್ತು.

ಆಗ ಮುಂದೆ ಬಂದವಳು ತಮ್ಮನ ಹೆಂಡತಿ. ಅವಳಲ್ಲಿ ದೋಷವಿರಲಿಲ್ಲ, ರಕ್ತದ ಗುಂಪೂ ಹೊಂದಿತು.

"ಬೇಡಮ್ಮ! ನಿನಗೇನಾದ್ರೂ ಆದ್ರೆ ನಿನ್ನ ತವರಿನವರಿಗೆ ಹೇಗೆ ಮುಖ ತೋರಿಸ್ಲಿ?" ಎಂದ ಮೇಸ್ತ್ರಿ.

"ಅಪಾಯ ಏನು ಅಂತ ಡಾಕ್ಟರು ಬಿಡಿಸಿ ಹೇಳಿದ್ದಾರೆ ಭಾವ. ಕೊಟ್ಟ ಲಿವರ್ ಮತ್ತೆ ಬೆಳೆಯುತ್ತಂತೆ. ಪುಟ್ಟಿ ಹೋದ್ರೆ ಮತ್ತೆ ಬರ್ತಾಳಾ? ಚಿಕ್ಕಮ್ಮ ಅಂತ ಸುಮ್ನೆ ಕರೀತಾಳಾ ನನ್ನ?"

ಮೇಸ್ತ್ರಿ ಮಗುವಿನ ಹಾಗೆ ಅತ್ತುಬಿಟ್ಟ.

ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಪುಟ್ಟಿ ಮಾತ್ರೆ ತಪ್ಪಿಸುವಂತಿಲ್ಲ, ತಪಾಸಣೆಗೂ ಹೋಗುತ್ತಿರಬೇಕು. ಆದರೆ ಕೊಲೆಸ್ಟ್ರಾಲ್ ಹತೋಟಿಗೆ ಬಂದಿದೆ. ಶಾಲೆಯಿಂದ ಮನೆಯವರೆಗೂ ಓಡುತ್ತಾಳೆ, ಹಿಡಿಯಲು ಚಿಕ್ಕಮ್ಮನೇ ಬೇಕು. ಮೇಸ್ತ್ರಿ ಕೆಲಸಕ್ಕೆ ಹೋದ ಮನೆಗಳಲ್ಲೆಲ್ಲ ಎದೆಯುಬ್ಬಿಸಿ ಹೇಳುತ್ತಾನೆ: "ನನ್ನ ಮಗಳಿಗೆ ಎರಡನೇ ಸಲ ಜನ್ಮ ಕೊಟ್ಟವಳು ನಮ್ಮ ಮನೆ ಸೊಸೆ ಕಣ್ರೀ!"

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗುವಿನ ಚರ್ಮದಲ್ಲಿ ಹಳದಿ ಗಂಟಿದೆಯೇ? ಮನೆಯಲ್ಲಿ ಯಾರಿಗಾದರೂ ಸಣ್ಣ ವಯಸ್ಸಿನಲ್ಲೇ ಹೃದಯಾಘಾತವಾಗಿದೆಯೇ? ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಬಹುಪಾಲು ಮಕ್ಕಳಿಗೆ ಔಷಧವೇ ಸಾಕು. ಕೆಲವರಿಗಷ್ಟೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಹೆದರಿ ಕೂರಬೇಡಿ, ಇವತ್ತೇ ಡಾಕ್ಟರನ್ನು ಕೇಳಿ.