ಮಾತು ಬಿಟ್ಟರೂ ಕಥೆ ಉಳಿಯಿತು

"ಮೊದಲಿಂದ ಹೇಳು!"

ಮಂಕಿ ಊರಿನ ಗಂಗಿಯ ಮನೆಯಲ್ಲಿ ಆ ಸಂಜೆ ಈ ಮಾತು ಏಳನೆಯ ಸಲ ಕೇಳಿಸಿತು. ಗಂಗಿಯ ಕೈಯಲ್ಲಿ ಕೋಲು. ಐದನೇ ಕ್ಲಾಸಿನ ಮಗಳು ಕಲ್ಪನಾ ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

ಮರುದಿನ ಶಾಲೆಯಲ್ಲಿ ಅವಳು ಓದಿದ ಕಥೆಯ ಸಾರಾಂಶ ಹೇಳಬೇಕಿತ್ತು. ಹೋದ ವಾರ ಎರಡು ಸಾಲು ಹೇಳಿ ನಿಂತುಬಿಟ್ಟಿದ್ದಳು, ಮಕ್ಕಳು ನಕ್ಕಿದ್ದರು. ಅಂದಿನಿಂದ ಶಾಲೆಯೆಂದರೆ ಹೊಟ್ಟೆನೋವು.

"ನಾ ನಾಳೆ ಹೋಗೂದಿಲ್ಲ. ಇನ್ನು ಶಾಲೆಗೇ ಹೋಗೂದಿಲ್ಲ" ಎಂದು ಅತ್ತಳು ಕಲ್ಪನಾ.

ಗಂಗಿ ಕೆಟ್ಟವಳಲ್ಲ. ತರಕಾರಿ ಬೆಳೆದು, ಹೊನ್ನಾವರ ಪೇಟೆಯಲ್ಲಿ ಮಾರಿ ಮಗಳನ್ನು ಓದಿಸುವವಳು. ಆದರೆ ಅವಳಿಗೆ ಗೊತ್ತಿದ್ದದ್ದು ಒಂದೇ ಪಾಠದ ಕ್ರಮ. ಅತ್ತೆ ಹನುಮಕ್ಕ ಮದುವೆಮನೆಗಳಲ್ಲಿ ಹಾಡುವವಳು. ಹಾಡು ಕಲಿಸುವಾಗ ಒಂದು ಮಾತು ತಪ್ಪಿದರೂ ಮೊದಲಿಂದ ಹಾಡಿಸುತ್ತಾಳೆ. ಗಂಗಿ ಅದನ್ನೇ ಪುಸ್ತಕದ ಕಥೆಗೂ ಹಚ್ಚಿದ್ದಳು. ಆರು ಪುಟ, ಒಂದಕ್ಷರ ಬಿಡದೆ ಬಾಯಿಪಾಠ! ದೊಡ್ಡವರಿಗೂ ಜ್ವರ ಬರುತ್ತದೆ.

ಅಳು ಕೇಳಿ ಪಕ್ಕದ ಮನೆಯ ರೇಖಾ ಓಡಿಬಂದಳು. ಅವಳು ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವಳು.

"ಗಂಗಕ್ಕ, ಕೋಲು ಕೆಳಗಿಡು. ಎಂತ ಆತು?"

"ಓದೂಕೆ ಬರ್ತದೆ, ಹೇಳೂಕೆ ಬರೂದಿಲ್ಲ. ಇವಳ ತಲೆಯಲ್ಲಿ ಎಂತದೂ ನಿಲ್ಲೂದಿಲ್ಲ!"

"ಸಾರಾಂಶ ಅಂದ್ರೆ ಇಡೀ ಕಥೆ ಅಲ್ಲ ಮಾರಾಯ್ತಿ. ಮುಖ್ಯ ಆದದ್ದು ಇಟ್ಕಂಡು ಉಳಿದದ್ದು ಬಿಡೂದು."

ಜಗಲಿಯಲ್ಲಿದ್ದ ಹನುಮಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಬಿಡೂದಾ? ಬಿಟ್ರೆ ಕಥೆ ಎಲ್ಲಿ ಉಳೀತದೆ? ಮಕ್ಕಳಿಗೆ ಕಳ್ಳಪಾಠ ಕಲಿಸ್ಬೇಡ ತಂಗಿ."

ರೇಖಾ ವಾದಕ್ಕೆ ಇಳಿಯಲಿಲ್ಲ. "ಅಜ್ಜಿ, ನಿನ್ನೆ ಹೊಳೆ ಹಾಡು ಹೇಳ್ತಿದ್ರಲ್ಲ, ಅದ್ರಲ್ಲಿ ಎಂತ ಆಗ್ತದೆ?"

"ಹಾಡ್ತೆ, ಕೂತು ಕೇಳು."

"ಅನ್ನಕ್ಕೆ ಇಟ್ಟು ಬಂದೆ. ಬೇಗ ಹೇಳಿ."

"ಒಬ್ಳು ತವರಿಗೆ ಹೊರಟ್ಲು. ಹೊಳೆ ತುಂಬಿತ್ತು, ದೋಣಿಯವ ಬರೂದಿಲ್ಲ ಅಂದ. ಅವಳು ದಡದಲ್ಲಿ ನಿಂತು ಅಣ್ಣನ್ನ ಕೂಗಿದ್ಲು. ಅವ ಈಜಿ ಬಂದು ಕರ್ಕಂಡು ಹೋದ. ಅಷ್ಟೇಯ."

"ಹಾಡು ಎಷ್ಟು ಹೊತ್ತಿಂದು?"

"ಅರ್ಧ ಗಂಟೆ..." ಎನ್ನುತ್ತಲೇ ಹನುಮಕ್ಕನಿಗೆ ತಾನೂ ಬಿಟ್ಟೇ ಹೇಳಿದ್ದು ಹೊಳೆಯಿತು. ಸೊಸೆಯ ಮುಖ ನೋಡಿದಳು. "ಕೋಲು ಇಡು ಗಂಗಿ" ಎಂದಳು.

ರೇಖಾ ಪುಸ್ತಕ ಮುಚ್ಚಿ ಹುಡುಗಿಯ ಪಕ್ಕ ಕೂತಳು. "ಇದು ಯಾರ ಕಥೆ?"

"ಕುಂಬಾರನ ಮಗಳದ್ದು."

"ಅವಳಿಗೆ ಎಂತ ಬೇಕಿತ್ತು?"

"ದೊಡ್ಡ ಗಡಿಗೆ ಮಾಡ್ಬೇಕಿತ್ತು."

"ಅಡ್ಡ ಎಂತ ಬಂತು?"

"ಮೂರು ಸಲ ಒಡೀತು. ಅಪ್ಪ ನಗಾಡಿದ."

"ಆಮೇಲೆ ಅವಳು ಎಂತ ಮಾಡಿದ್ಲು? ಕಡೆಗೆ ಎಂತ ಆತು?"

ಕಲ್ಪನಾ ಹೇಳತೊಡಗಿದಳು. ನಡುವೆ ಗಂಗಿ, "ಮಣ್ಣು ತಂದದ್ದು ಬಿಟ್ಯಲ್ಲ..." ಎಂದಳು. ರೇಖಾ ಕಣ್ಣಲ್ಲೇ ಸುಮ್ಮನಿರಿಸಿದಳು. ಕಥೆ ಮುಗಿಯಿತು. ಇಡೀ ಕಥೆ, ಐದಾರು ಮಾತಿನಲ್ಲಿ.

ಮರುದಿನ ಗಂಗಿ ಪೇಟೆಗೆ ಹೋಗಲಿಲ್ಲ, ಶಾಲೆಯ ಕಿಟಕಿಯ ಹೊರಗೆ ನಿಂತಳು. ಒಳಗೆ ಮಗಳ ದನಿ ಕೇಳಿಸಿತು. ಎರಡು ಸಾಲು. ಆಮೇಲೆ ನಿಂತೇಹೋಯಿತು. ಯಾರೋ ಕಿಸಕ್ಕೆಂದರು. ಮುಂದಿನ ಮಾತು ಗಂಗಿಯ ನಾಲಗೆಯ ತುದಿಯಲ್ಲೇ ಇತ್ತು. ಸೆರಗು ಬಾಯಿಗೊತ್ತಿ ನುಂಗಿಕೊಂಡಳು.

"ಆ ಊರಿನ ಹೆಸರು ಮರ್ತೆ" ಎಂದಿತು ಒಳಗಿನ ದನಿ. "ಹೆಸರು ಇರ್ಲಿ. ಅಲ್ಲಿ ಎಂತ ಆತು ಅಂದ್ರೆ..."

ಕಥೆ ಮುಂದೆ ಹೋಯಿತು. ಕಿಟಕಿಯ ಹೊರಗೆ ಗಂಗಿ ನಾಚಿಕೆ ಬಿಟ್ಟು ಅತ್ತಳು.

ಅಪ್ಪ ಅಮ್ಮಂದಿರೇ, ನಿಮ್ಮ ಮಗು ಇವತ್ತು ಕಥೆ ಓದಿದರೆ ಪುಸ್ತಕ ಮುಚ್ಚಿಸಿ. ಯಾರ ಕಥೆ, ಅವರಿಗೆ ಏನು ಬೇಕಿತ್ತು, ಏನು ಅಡ್ಡ ಬಂತು, ಏನು ಮಾಡಿದರು, ಕೊನೆಗೆ ಏನಾಯಿತು ಎಂದು ಕೇಳಿ. ಇದಕ್ಕೆ ನಿಮಗೆ ಓದು ಬರಬೇಕೆಂದೇನೂ ಇಲ್ಲ. ಮಗು ತನ್ನ ಮಾತಿನಲ್ಲೇ ಹೇಳಲಿ. ತಡವರಿಸಿದರೆ ಕಾಯಿರಿ. ನಡುವೆ ಬಾಯಿ ಹಾಕದೆ ಕೇಳುವುದು ಕಷ್ಟ, ನನಗೂ ಗೊತ್ತು. ಆದರೂ ಕೇಳಿ.