ಮೂರು ಗಂಟೆಯೊಳಗೆ ಸಿಮ್ಮಿಗೆ ಜೀವ

ಓಲೆಯ ಕಡ್ಡಿ ಫೋನಿನ ಆ ತೂತಿಗೆ ಹೋಗ್ತಿಲ್ಲ, ಹೋಗು ಮಾರಾಯ್ತಿ, ಹೋಗು — ಹೋಯ್ತು, ಟಕ್ ಅಂತ ಟ್ರೇ ಹೊರಗೆ ಬಂತು, ಉಗುರಿನಷ್ಟಿರೋ ಸಿಮ್ಮು ಅವಳ ಬೆವರಿದ ಬೆರಳಿಗೆ ಅಂಟ್ಕೊಂಡು ಬಿಡೋದೇ ಇಲ್ಲ ಅಂತಿದೆ, ಒಂದು ಕಿವೀಲಿ ಓಲೆ, ಇನ್ನೊಂದು ಕಿವಿ ಬೋಳು, ಕಾಲೇಜಿನ ಮೆಟ್ಟಿಲ ಮೇಲೆ ಹೀಗೆ ಕೂತಿರೋ ಹುಡುಗೀನ ನೋಡಿದವರು ಏನಾದ್ರೂ ಅಂದ್ಕೊಳ್ಳಲಿ, ಗಂಟೆ ಎರಡು ಹದಿನೆಂಟು, ಮೂರಕ್ಕೆ ಅಕ್ಕನ ಇಂಟರ್‌ವ್ಯೂ, ಬೇರೆ ಊರಲ್ಲಿ, ಕನ್ನಡಕದ ಗಾಜು ಉಜ್ಜೋ ಕಂಪನೀಲಿ, ಒಳಗೆ ಹೋಗೋ ಮುಂಚೆ ಅಕ್ಕ ಫೋನ್ ಮಾಡ್ತಾಳೆ, ಮಾಡೇ ಮಾಡ್ತಾಳೆ, ಈ ನಂಬರಿಗೇ ಮಾಡ್ತಾಳೆ, ಬೇರೆ ಯಾರಿಗೂ ಮಾಡಲ್ಲ, ಯಾಕಂದ್ರೆ ಅಕ್ಕನಿಗೆ ಉಗ್ಗು, ಮೊದಲನೇ ಮಾತು ಗಂಟಲಲ್ಲೇ ಕಚ್ಕೊಂಡುಬಿಡುತ್ತೆ, ನಿನ್ನ ಹತ್ರ ಒಂದ್ಸಲ ಆಚೆ ಬಿದ್ರೆ ಸಾಕು ಕಣೇ, ಆಮೇಲೆ ಅಲ್ಲೂ ಬೀಳುತ್ತೆ, ಅಂತಾಳೆ, ಹೋದ ವರ್ಷ ವೈವಾಕ್ಕೆ ಮುಂಚೆ ಕಾರಿಡಾರಲ್ಲಿ ನಿಂತ್ಕೊಂಡು ಹಾಗೇ ಮಾಡಿದ್ಲು, ಒಳಗೆ ಹೋಗಿ ಎಲ್ಲಾ ಹೇಳಿ ಬಂದ್ಲು, ಇವತ್ತು ಅವಳು ಡಯಲ್ ಮಾಡಿದಾಗ ಸ್ವಿಚ್ ಆಫ್ ಅಂತ ಬಂದ್ರೆ — ಬರಲ್ಲ, ಬರೋಕೆ ಇವಳು ಬಿಡಲ್ಲ, ಮಗನೇ ಸಿಮ್ಮೇ, ನೀನು ಕೂರ್ತೀಯೋ ಇಲ್ವೋ, ಕೂತ್ಕೋ. ಕೂತಿತು.

ತಪ್ಪು ಯಾರದ್ದು, ತನ್ನದೇ, ನಿನ್ನೆ ಬಸ್ಸಲ್ಲಿ ಫೋನು ತೊಡೆ ಮೇಲೆ, ಸ್ಟಾಪ್ ಬಂತು ಅಂತ ಎದ್ದು ಓಡಿದ್ಲು, ಫೋನು ಬಸ್ಸಿನ ಜೊತೆ ಮುಂದಿನ ಊರಿಗೆ ಟೂರ್ ಹೋಯ್ತು, ರೂಮಿಗೆ ಬಂದ್ರೆ ರೂಮ್‌ಮೇಟು, ಕ್ಲಾಸಲ್ಲೆಲ್ಲಾ ಅವಳಿಗೆ ವಕೀಲೆ ಅಂತ ಹೆಸರು, ಎಲ್ಲಾದಕ್ಕೂ ವಾದ, ಬಿಡೇ ನನ್ನ ಫೋನಿಂದ ನಿಮ್ಮಕ್ಕನಿಗೆ ಮಾಡು ಅಂದ್ಲು, ಮಾಡಿದ್ರೆ ಅಕ್ಕ ಎತ್ತಲ್ಲ, ಗೊತ್ತಿಲ್ಲದ ನಂಬರು ಅಕ್ಕ ಯಾವತ್ತೂ ಎತ್ತಲ್ಲ, ಹಲೋ ಅನ್ನೋದೇ ಅವಳಿಗೆ ಎಲ್ಲಾದಕ್ಕಿಂತ ಕಷ್ಟ, ಆಗ ಮೆಸೇಜ್ ಹಾಕಿದ್ಲು, ಅಕ್ಕಾ ನಾನೇ, ಫೋನ್ ಕಳ್ಕೊಂಡೆ, ಇದು ಫ್ರೆಂಡ್ ನಂಬರ್, ಅರ್ಜೆಂಟ್, ಎತ್ತು — ಅಯ್ಯೋ ಅಯ್ಯೋ, ಹಿಂದಿನ ತಿಂಗಳಷ್ಟೇ ಇವಳೇ ಅಕ್ಕನ್ನ ಕೂರಿಸ್ಕೊಂಡು ಪಾಠ ಮಾಡಿದ್ದು, ನಾನೇ ಕಣೇ ತಂಗಿ, ಫೋನ್ ಕಳೆದುಹೋಯ್ತು ಅಂತ ಯಾವುದಾದ್ರೂ ನಂಬರಿಂದ ಬಂದ್ರೆ ಕಳ್ಳರದ್ದು, ಯೋಚನೆ ಮಾಡಬೇಡ, ಬ್ಲಾಕ್ ಮಾಡು. ಅಕ್ಕ ಯೋಚನೆ ಮಾಡಲಿಲ್ಲ. ಬ್ಲಾಕ್ ಮಾಡಿದ್ಲು. ವಕೀಲೆ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು, ನಿನ್ನ ಸ್ಟೂಡೆಂಟು ಫಸ್ಟ್ ಕ್ಲಾಸ್ ಕಣೇ ಮೇಡಂ, ಅಂದ್ಲು, ನಗ್ತಾ ನಗ್ತಾನೇ ತನ್ನ ಹಳೇ ಫೋನು ಹುಡುಕಿ ಚಾರ್ಜಿಗೆ ಹಾಕಿದ್ಲು, ಗಾಜು ಒಡೆದಿದೆ, ಬಾಯಿ ಮುಚ್ಕೊಂಡು ಇಟ್ಕೋ ಅಂತ ಕೊಟ್ಲು. ಅಪ್ಪನಿಗೆ ಹೇಳಬಹುದು, ಅಪ್ಪನ ನಂಬರು ಅಕ್ಕ ಎತ್ತುತ್ತಾಳೆ, ಬೇಡ, ಅಪ್ಪ ಒಳ್ಳೆಯವನೇ ಆದ್ರೆ ಅವನಿಗೊಂದು ಚಟ, ಅಕ್ಕ ಬಾಯಿ ತೆಗೆದ ತಕ್ಷಣ ಆ ಮಾತು ತಾನೇ ಮುಗಿಸಿಬಿಡೋದು, ನೀರಾ? ಊಟಾನಾ? ತಲೆನೋವಾ? ಹಾಗೆ ಯಾರಾದ್ರೂ ಮುಗಿಸಿಬಿಟ್ರೆ ಅಕ್ಕನಿಗೆ ಆ ದಿನವೆಲ್ಲಾ ಮಾತಿಲ್ಲ, ಮೂರು ಗಂಟೆಗೆ ಇನ್ನು ಮೂವತ್ತಾರು ನಿಮಿಷ ಇರುವಾಗ ಅಪ್ಪ ಬೇಡವೇ ಬೇಡ.

ಫೋನು ಎದ್ದು ಕೂತಿತು, ಒಂದು ಗೀಟು ಸಿಗ್ನಲ್ಲು, ಈಗಷ್ಟೇ ಅವಳ ಹಳೇ ನಂಬರಿಗೇ ಹೊಸ ಸಿಮ್ಮು ಕೊಟ್ಟ ಅಂಗಡಿಯವನು ಹೇಳಿದ್ದು ಕಿವೀಲಿದೆ, ನೋಡಮ್ಮ, ಸಿಮ್ಮಿಗೆ ಜೀವ ಬರಬೇಕಾದ್ರೆ ಈ ನಂಬರಿಗೆ ಡಯಲ್ ಮಾಡು, ಮಷೀನು ಹುಟ್ಟಿದ ತಾರೀಖು ಕೇಳುತ್ತೆ, ಒತ್ತು, ಮೂರು ಸಲ ಅಷ್ಟೇ, ಮೂರೂ ತಪ್ಪಾದ್ರೆ ನಾಳೆವರೆಗೂ ಲಾಕು, ಆಮೇಲೆ ನನ್ನ ಹತ್ರ ಬಂದು ಅತ್ರೆ ನಾನೇನು ಮಾಡ್ಲಿ, ಅಂದ, ಅಣ್ಣಾ ನನ್ನ ಹುಟ್ಟಿದಬ್ಬ ನಂಗೆ ಮರೆಯುತ್ತಾ ಅಂತ ನಕ್ಕು ಬಂದಿದ್ಲು, ನಕ್ಕಿದ್ದೇ ತಪ್ಪು, ಡಯಲ್ ಮಾಡಿದ್ಲು, ಮಷೀನಿನ ಹೆಂಗಸು ಜೇನು ಸುರಿದ ಹಾಗೆ ಕೇಳಿದ್ಲು, ಬೆರಳು ತಾನಾಗೇ ಓಡ್ತು, ಒತ್ತಿಬಿಡ್ತು, ಕ್ಷಮಿಸಿ, ನೀವು ನಮೂದಿಸಿದ ಮಾಹಿತಿ ಹೊಂದಾಣಿಕೆಯಾಗುತ್ತಿಲ್ಲ — ಥೂ, ಅದು ಕೇಕ್ ಕತ್ತರಿಸೋ ತಾರೀಖು, ಕಾಗದದಲ್ಲಿರೋದು ಬೇರೆ, ಕಾಗದದಲ್ಲಿರೋದು ಅಕ್ಕನದ್ದು, ಕಾಗದದಲ್ಲಿ ಅವರಿಬ್ಬರೂ ಅವಳಿಗಳು! ಅಕ್ಕ ಒಂದು ವರ್ಷ ಎರಡು ತಿಂಗಳು ದೊಡ್ಡೋಳು, ಸ್ಕೂಲಿಗೆ ಸೇರಿಸೋ ದಿನ ಅಕ್ಕ ಗೇಟಿನ ಕಂಬಿ ಹಿಡ್ಕೊಂಡು ಬಿಡಲಿಲ್ಲ, ಒಬ್ಬಳೇ ಹೋಗಲ್ಲ ಅಂತ ಹೇಳೋಕೂ ಬರಲಿಲ್ಲ ಪಾಪ, ಬರೀ ಒ, ಒ, ಒ, ಅಪ್ಪ ಹಿಂದೆ ನೋಡಿದ, ಮುಂದೆ ನೋಡಿದ, ಸೊಂಟದ ಮೇಲಿದ್ದ ಇವಳನ್ನ ಇಳಿಸಿ ಹೆಡ್‌ಮೇಡಂ ಎದುರು ನಿಲ್ಲಿಸಿ, ಇಬ್ಬರೂ ಅವಳಿ ಮೇಡಂ, ಅಂದ, ಒಂದಕ್ಕೆ ಬೆಳವಣಿಗೆ ಸ್ವಲ್ಪ ಕಮ್ಮಿ, ಅಂದ, ಆ ಕಮ್ಮಿ ಬೆಳವಣಿಗೆಯ ಪ್ರಾಣಿ ಇವಳೇ, ಆವತ್ತಿಂದ ಒಂದೇ ಬೆಂಚು, ಹಾಜರಿ ಕರೆದಾಗ ಇವಳೇ ಎರಡು ಸಲ ಎಸ್ ಮಿಸ್, ಒಂದು ಸಣ್ಣ ದನೀಲಿ, ಒಂದು ದಪ್ಪ ದನೀಲಿ, ಎರಡನೇ ಕ್ಲಾಸಿನವರೆಗೂ ಮಿಸ್ಸಿಗೆ ಗೊತ್ತೇ ಆಗಲಿಲ್ಲ, ಅಥವಾ ಗೊತ್ತಾಗಿ ಸುಮ್ಮನಿದ್ರೋ — ಸಾಕು, ಡಯಲ್ ಮಾಡು, ಎರಡು ಮೂವತ್ತೊಂದು.

ಎರಡನೇ ಸಲ. ಅಕ್ಕನ ದಿನ, ಅಕ್ಕನ ತಿಂಗಳು, ಸರಿ ಸರಿ, ಇಸವಿಗೆ ಬಂದಾಗ ಪೆದ್ದು ಬೆರಳು ತನ್ನ ಇಸವೀನೇ ಒತ್ತಬೇಕಾ, ಒತ್ತಿತು, ಕ್ಷಮಿಸಿ, ಅಂದ್ಲು ಜೇನು, ನಿಮಗೆ ಇನ್ನು ಒಂದು ಅವಕಾಶ ಮಾತ್ರ ಉಳಿದಿದೆ. ಮೆಟ್ಟಿಲು ಬಿಸಿಯಾಗಿದೆ, ಯಾರೋ ಚೆಂಡು ಗೋಡೆಗೆ ಬಡೀತಿದಾರೆ, ದಬ್, ದಬ್, ಪೆನ್ನು ತೆಗೆದು ಅಂಗೈ ಮೇಲೆ ಎಂಟು ಅಂಕಿ ಬರೆದ್ಲು, ಒಂದೊಂದೇ, ಬಾಯಲ್ಲಿ ಹೇಳ್ತಾ, ಇದು ಅಕ್ಕ ಹುಟ್ಟಿದ ದಿನ, ಇದು ತಿಂಗಳು, ಇದು ಅಕ್ಕ ಹುಟ್ಟಿದ ಇಸವಿ, ನಾನಿನ್ನೂ ಹುಟ್ಟಿರಲಿಲ್ಲ, ನಾನಿಲ್ಲ, ಇದರಲ್ಲಿ ನಾನು ಇಲ್ಲವೇ ಇಲ್ಲ, ವಕೀಲೆ ಮೇಲಿನ ಮೆಟ್ಟಿಲಿಂದ ಬಗ್ಗಿ, ಏನೇ ಕಾಪಿ ಹೊಡೀತಿದೀಯಾ, ಅಂದ್ಲು, ಬಾಯಿ ಮುಚ್ಚೇ, ಅಂದು ಒಂದು ಅಂಕಿ ನೋಡೋದು, ಒಂದು ಒತ್ತೋದು, ಒಂದು ನೋಡೋದು, ಒಂದು ಒತ್ತೋದು. ಧನ್ಯವಾದಗಳು. ನಿಮ್ಮ ಸೇವೆ ಶೀಘ್ರದಲ್ಲೇ ಆರಂಭವಾಗಲಿದೆ. ಶೀಘ್ರ ಅಂದ್ರೆ ಎಷ್ಟು ತಾಯಿ, ಶೀಘ್ರ ಅಂದ್ರೆ ಎರಡು ಐವತ್ತರೊಳಗಾ, ಆಫ್ ಮಾಡಿ ಆನ್ ಮಾಡೋಣಾ ಅನ್ಸುತ್ತೆ, ಬೇಡ, ಅಂಗಡಿಯವನು ಕೆಣಕಬೇಡ ಅಂದಿದ್ದ, ಫೋನನ್ನ ಮೆಟ್ಟಿಲ ಮೇಲಿಟ್ಟು ಎರಡೂ ಕೈ ತೊಡೆ ಕೆಳಗೆ ಹಾಕ್ಕೊಂಡು ಕೂತ್ಲು, ಕೈ ಹೊರಗಿದ್ರೆ ಮುಟ್ಟಿಬಿಡುತ್ತೆ, ನಲವತ್ತು, ನಲವತ್ತೈದು, ಐವತ್ತು, ವಕೀಲೆ ಈಗ ನಗ್ತಿಲ್ಲ, ಪಕ್ಕಕ್ಕೆ ಬಂದು ಕೂತಿದಾಳೆ, ಐವತ್ತೆರಡಕ್ಕೆ ಗೀಟುಗಳು ಒಂದರ ಪಕ್ಕ ಒಂದು ಎದ್ದು ನಿಂತ್ವು, ನಾಲ್ಕೂ, ಐವತ್ಮೂರು, ಐವತ್ನಾಲ್ಕು, ಆಗಲೇ ಮಾಡಿ ಸ್ವಿಚ್ ಆಫ್ ಕೇಳಿ ಹೋಗಿಬಿಟ್ಟಿದ್ರೆ, ಹೋಗಿರಲ್ಲ, ಅಕ್ಕ ಹೋಗಿರಲ್ಲ, ಮತ್ತೆ ಮಾಡ್ತಾಳೆ — ಫೋನು ಮೆಟ್ಟಿಲ ಮೇಲೆ ಗುರ್ರ್ ಅಂತ ತಾನೇ ನಡೆಯೋಕೆ ಶುರುಮಾಡಿತು.

ಎತ್ತಿದ್ಲು, ಹೆಸರಿಲ್ಲ, ಬರೀ ನಂಬರು, ಆದ್ರೂ ಗೊತ್ತು, ಆ ಉಸಿರು ಗೊತ್ತು, ಒಡೆದ ಗಾಜಿನ ಮೇಲೆ ಸೆಕೆಂಡುಗಳು ಓಡ್ತಿವೆ, ಮೂರು, ನಾಲ್ಕು, ಆ ಕಡೆಯಿಂದ ಹ, ಹ, ಅಂತ ಬಂದು ನಿಲ್ತು, ಇವಳ ನಾಲಿಗೆ ತುದೀಲಿ ಹಲೋ ರೆಡಿ, ಅಕ್ಕಾ ನಾನೇ, ಫೋನ್ ಕಳ್ಕೊಂಡೆ, ಆ ಮೆಸೇಜ್ ನಂದೇ ಕಣೇ, ಎಲ್ಲಾ ರೆಡಿ, ಒಂದು ಬಸ್ಸು ತುಂಬುವಷ್ಟು ಮಾತು, ತುಟಿ ಕಚ್ಕೊಂಡ್ಲು, ಹನ್ನೊಂದು, ಹನ್ನೆರಡು, ಸ್ಕೂಲಲ್ಲಿ ದಪ್ಪ ದನೀಲಿ ಅಂದಿದ್ದೆಲ್ಲಾ ಸಾಕು, ಇವತ್ತು ಮಾತು ಅಕ್ಕನದ್ದು, ಹತ್ತೊಂಬತ್ತು, ಯಾರೋ ಅಲ್ಲಿ ಬಾಗಿಲು ತೆಗೆದು ಮುಂದಿನವರು ಬನ್ನಿ ಅಂದ್ರು, ಹ, ಹ, ಇಪ್ಪತ್ತಾರು, ವಕೀಲೆ ಏನೋ ಕೇಳೋಕೆ ಬಂದ್ಲು, ಅವಳ ಬಾಯಿಗೂ ಕೈ ಅಡ್ಡ ಇಟ್ಲು, ಮೂವತ್ತು, ಮೂವತ್ತೊಂದು, ಹಲೋ. ಪೂರ್ತಿ ಹಲೋ. ಅಕ್ಕನ ದನೀಲಿ, ಅಕ್ಕನ ಗಂಟಲಿಂದ. ಆಮೇಲೆ ಗಳಗಳ ಅಂತ, ಏನೇ, ಬದುಕಿದೀಯಾ, ಬೆಳಿಗ್ಗೆಯಿಂದ ಮಾಡ್ತಿದೀನಿ, ಯಾವನೋ ಕಳ್ಳ ನಿನ್ನ ಹೆಸರಲ್ಲಿ ಮೆಸೇಜ್ ಹಾಕಿದ್ದ, ಬ್ಲಾಕ್ ಮಾಡಿ ಬಿಸಾಕಿದೆ, ಸರಿ ತಾನೇ, ಕರೀತಿದಾರೆ ಕಣೇ, ಹೋ, ಹೋ, ಹೋಗ್ತೀನಿ — ಸರಿ ಅಕ್ಕ, ಅನ್ನಬೇಕು, ಬರ್ತಿಲ್ಲ, ಇವಳ ಗಂಟಲು ಕಚ್ಕೊಂಡಿದೆ, ಇವಳದ್ದು! ಆ ಕಡೆ ಚಪ್ಪಲಿ ಸದ್ದು, ಬಾಗಿಲ ಸದ್ದು, ಅಕ್ಕ ಕಟ್ ಮಾಡೋದು ಮರೆತಿದಾಳೆ, ದೂರದಲ್ಲಿ ನಮಸ್ಕಾರ ಸರ್ ಅಂತ ಅಕ್ಕನ ದನಿ, ಗಾಜಿನ ಮೇಲೆ ಐವತ್ತೆಂಟು, ಐವತ್ತೊಂಬತ್ತು, ಒಂದು ನಿಮಿಷ, ಒಂದು ನಿಮಿಷ ಒಂದು, ಒಂದು ನಿಮಿಷ ಎರಡು, ಒಂದು ನಿಮಿಷ ಮೂರು —